ಎರಡು ಕಂಪ್ಯೂಟರಿಗೆ ಒಂದೇ ನೆಟ್: ಹದಿನೈದು ಸೂತ್ರಗಳು

ಮನೆಗೆ ಎರಡನೆಯ ಕಂಪ್ಯೂಟರ್ ಬಂದ ವಾರದೊಳಗೆ ಒಂದು ಮಾತು ಕೇಳಿಸತೊಡಗುತ್ತದೆ: "ನೆಟ್ ಸಾಲ್ತಾ ಇಲ್ಲ, ಪ್ಲಾನ್ ಏರಿಸೋಣ." ಒಂದು ಕೋಣೆಯಲ್ಲಿ ಮಗಳ ಆನ್‌ಲೈನ್ ಕ್ಲಾಸು, ಇನ್ನೊಂದರಲ್ಲಿ ಅಪ್ಪನ ಆಫೀಸ್ ಮೀಟಿಂಗು. ಒಬ್ಬರ ದನಿ ಕತ್ತರಿಸಿ ಬಂದರೆ ಇನ್ನೊಬ್ಬರ ಮೇಲೆ ಸಿಟ್ಟು. ಪ್ಲಾನ್ ಏರಿಸುತ್ತಾರೆ, ದನಿ ಆಮೇಲೂ ಕತ್ತರಿಸುತ್ತದೆ. ಬಹಳಷ್ಟು ಮನೆಗಳಲ್ಲಿ ತೊಂದರೆ ಇರುವುದು ಕಂಬದಿಂದ ಬಾಗಿಲವರೆಗೆ ಬರುವ ಫೈಬರಿನಲ್ಲಲ್ಲ, ಬಾಗಿಲಿನಿಂದ ಮೇಜಿನವರೆಗಿನ ಕೊನೆಯ ಕೆಲವು ಅಡಿಗಳಲ್ಲಿ.

2005ರಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ನಮ್ಮ ಊರುಗಳಿಗೆ ಬಂದಾಗ 256 ಕೆಬಿಪಿಎಸ್ ಸಿಕ್ಕರೆ ಅದೇ ಬ್ರಾಡ್‌ಬ್ಯಾಂಡ್. ಕೇಂದ್ರ ಸರ್ಕಾರದ 2004ರ ನೀತಿ ಇಟ್ಟಿದ್ದ ಅಳತೆ ಅದು. 2023ರಿಂದ ಆ ಅಳತೆ 2 ಎಂಬಿಪಿಎಸ್ ಆಗಿದೆ. ಇಂದು ಸಾಧಾರಣ ಫೈಬರ್ ಪ್ಲಾನ್ ತೆಗೆದುಕೊಂಡರೂ 40, 50, 100 ಎಂಬಿಪಿಎಸ್ ಬರುತ್ತದೆ. ಅಂದು ಎರಡು ಕಂಪ್ಯೂಟರಿಗೆ ವೇಗವೇ ಸಾಲುತ್ತಿರಲಿಲ್ಲ. ಇಂದು ವೇಗ ಇದೆ, ಹಂಚಿಕೆ ಸರಿಯಿಲ್ಲ. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಈ ಸೂತ್ರಗಳನ್ನು ಒಂದೊಂದಾಗಿ ಮಾಡಿ ನೋಡಿ.

1. ಮೊದಲು ಅಳೆಯಿರಿ

ಒಂದು ಲ್ಯಾಪ್‌ಟಾಪಿಗೆ ಲ್ಯಾನ್ ವೈರ್ ಹಾಕಿ ನೇರ ರೌಟರಿಗೆ ಸೇರಿಸಿ. ಇನ್ನೊಂದು ಕಂಪ್ಯೂಟರ್, ಟಿವಿ, ಫೋನುಗಳ ವೈಫೈ ಎಲ್ಲ ಆಫ್ ಮಾಡಿ. ಈಗ ಸ್ಪೀಡ್ ಟೆಸ್ಟ್ ಹಾಕಿ ಡೌನ್‌ಲೋಡ್, ಅಪ್‌ಲೋಡ್, ಪಿಂಗ್ ಎಂಬ ಮೂರು ಅಂಕಿಗಳನ್ನೂ ಬರೆದಿಡಿ. ಆಮೇಲೆ ಅದೇ ಲ್ಯಾಪ್‌ಟಾಪನ್ನು ದಿನಾ ಕೂರುವ ಕೋಣೆಗೆ ಒಯ್ದು ವೈರ್ ಇಲ್ಲದೆ ಅದನ್ನೇ ಮಾಡಿ. ರಾತ್ರಿ ಒಂಬತ್ತರ ಹೊತ್ತಿಗೆ ಮತ್ತೊಮ್ಮೆ ವೈರಿನಲ್ಲಿ ಮಾಡಿ.

ವೈರಿನಲ್ಲಿ 50 ಬಂದು ಕೋಣೆಯಲ್ಲಿ 8 ಬಂದರೆ ತೊಂದರೆ ನಿಮ್ಮ ಮನೆಯೊಳಗಿದೆ. 200ರ ಪ್ಲಾನ್ ಹಾಕಿಸಿದರೂ ಆ ಕೋಣೆಗೆ ಸಿಗುವುದು ಆ 8ರ ಆಸುಪಾಸೇ. ವೈರಿನಲ್ಲೇ ಕಡಿಮೆ ಬಂದರೆ ಕಂಪನಿಗೆ ಫೋನ್ ಮಾಡಿ. ಹಗಲು ಚೆನ್ನಾಗಿದ್ದು ರಾತ್ರಿ ಮಾತ್ರ ಕುಸಿದರೆ ನಿಮ್ಮ ಬಡಾವಣೆಯ ಲೈನಿನ ಮೇಲೆ ಹೊರೆ ಹೆಚ್ಚಾಗಿರುವ ಸಾಧ್ಯತೆ ದೊಡ್ಡದು, ಅದೂ ಕಂಪನಿಯ ಕೆಲಸವೇ. ಅರ್ಧ ಗಂಟೆಯ ಈ ಪರೀಕ್ಷೆ ಮಾಡದೆ ಹೊಸ ರೌಟರ್ ಕೊಂಡವರ ದುಡ್ಡು ಬಹಳ ಸಲ ದಂಡವಾಗುತ್ತದೆ.

ಲೆಕ್ಕದಲ್ಲಿ ಎಡವುವ ಒಂದು ಜಾಗ ಇದೆ. ಪ್ಲಾನಿನಲ್ಲಿರುವುದು ಮೆಗಾಬಿಟ್, ಫೈಲಿನ ಗಾತ್ರ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಕನೆಕ್ಷನ್ನಿನಲ್ಲಿ ಸೆಕೆಂಡಿಗೆ 12.5 ಎಂಬಿ ಇಳಿದರೆ ಅದು ಪೂರ್ತಿ ವೇಗವೇ.

2. ಎಷ್ಟು ಬೇಕು ಎಂದು ಕೂಡಿಸಿ ನೋಡಿ

ಚೊಕ್ಕವಾದ ವಿಡಿಯೋ ಕಾಲ್ ಒಂದಕ್ಕೆ ಹೆಚ್ಚೆಂದರೆ 4 ಎಂಬಿಪಿಎಸ್. ಎಚ್‌ಡಿ ಸಿನಿಮಾಕ್ಕೆ 5, ಫೋರ್‌ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಹೇಳುವುದು 15. ಎರಡೂ ಕಂಪ್ಯೂಟರಿನಲ್ಲಿ ಮೀಟಿಂಗ್, ಹಾಲಿನಲ್ಲಿ ಫೋರ್‌ಕೆ ಸಿನಿಮಾ, ಎಲ್ಲ ಒಟ್ಟಿಗೆ ನಡೆದರೂ 23. ಅಂದರೆ 40ರ ಪ್ಲಾನಿನೊಳಗೇ ಮುಗಿಯುತ್ತದೆ. ದೊಡ್ಡ ವಿಡಿಯೋ ಫೈಲುಗಳನ್ನು ದಿನವೂ ಇಳಿಸಿ ಏರಿಸುವ ವೃತ್ತಿಯವರಿಗೆ 100 ಬೇಕಾದೀತು.

ಏರಿಸಿದ ಪ್ಲಾನಿನ ಖರ್ಚನ್ನೂ ಪೂರ್ತಿ ಲೆಕ್ಕ ಹಾಕಿ. ತಿಂಗಳಿಗೆ ಬರೀ 200 ರೂಪಾಯಿ ಹೆಚ್ಚು ಎನ್ನುತ್ತಾರೆ. ಶೇ 18 ಜಿಎಸ್‌ಟಿ ಸೇರಿ 236 ಆಗುತ್ತದೆ, ವರ್ಷಕ್ಕೆ 2,832. ಮುಂದಿನ ಸೂತ್ರದಲ್ಲಿ ಹೇಳುವ ವೈರಿಗೆ ಒಂದು ಸಲ ಕೊಟ್ಟರೆ ಮುಗಿಯಿತು.

3. ಒಂದು ಕಂಪ್ಯೂಟರಿಗಾದರೂ ವೈರ್ ಎಳೆಸಿ

ಹದಿನೈದರಲ್ಲಿ ಒಂದನ್ನೇ ಮಾಡಲು ಪುರಸೊತ್ತಿದ್ದರೆ ಇದನ್ನು ಮಾಡಿ.

ವೈಫೈಯಲ್ಲಿ ಒಂದು ಚಾನೆಲಿನ ಮೇಲೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಉಪಕರಣ ಮಾತನಾಡಬಲ್ಲದು. ಎರಡು ಕಂಪ್ಯೂಟರ್ ಇದ್ದರೆ ಸರದಿಯ ಮೇಲೆ. ಅದರಲ್ಲೊಂದು ಹಳೆಯದಾಗಿದ್ದು ಮೂಲೆಯ ಕೋಣೆಯಲ್ಲಿದ್ದರೆ, ಅಷ್ಟೇ ಮಾತನ್ನು ಹೇಳಿ ಮುಗಿಸಲು ಅದಕ್ಕೆ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಹೊಸ ಲ್ಯಾಪ್‌ಟಾಪ್ ಕಾಯಬೇಕು. ಮೇಜಿನಿಂದ ಅಲುಗದ ಡೆಸ್ಕ್‌ಟಾಪಿಗೆ ವೈರ್ ಹಾಕಿಬಿಟ್ಟರೆ ಅದು ಈ ಸರದಿಯಿಂದಲೇ ಹೊರಗೆ ಬಂತು. ವೈಫೈ ಪೂರ್ತಿಯಾಗಿ ಇನ್ನೊಂದಕ್ಕೆ ಉಳಿಯಿತು. ಒಬ್ಬರಿಗೆ ಹಾಕಿದ ವೈರಿನಿಂದ ಇಬ್ಬರಿಗೂ ಲಾಭ.

ಕ್ಯಾಟ್ 5ಇ ಅಥವಾ ಕ್ಯಾಟ್ 6 ವೈರ್ ಕೇಳಿ. ಎರಡೂ 100 ಮೀಟರ್ ದೂರದವರೆಗೆ 1,000 ಎಂಬಿಪಿಎಸ್ ಒಯ್ಯುತ್ತವೆ, ಮನೆಗೆ ಧಾರಾಳ ಸಾಕು. ಪೂರ್ತಿ ತಾಮ್ರದ್ದೇ ಕೊಡಿ ಎಂದು ಹೇಳಿ. ಅಗ್ಗದ ವೈರುಗಳಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಮಾತ್ರ ಇರುತ್ತದೆ, ಬಾಗಿಸಿದಲ್ಲಿ ಬೇಗ ತುಂಡಾಗುತ್ತದೆ. ಒಳಗೆ ಎಂಟು ಎಳೆಗಳಿವೆ. 1,000ದ ವೇಗಕ್ಕೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಆದ್ದರಿಂದ ಉಳಿದ ನಾಲ್ಕರಲ್ಲಿ ಎಳೆಯೊಂದು ತುಂಡಾಗಿದ್ದರೂ ಸಾಮಾನ್ಯವಾಗಿ ನೆಟ್ ಬರುತ್ತಲೇ ಇರುತ್ತದೆ, ಆದರೆ 100ರ ಮೇಲೆ ಏರುವುದಿಲ್ಲ. 200ರ ಪ್ಲಾನ್ ಇದ್ದೂ ವೈರಿನಲ್ಲಿ 94, 95ಕ್ಕೇ ನಿಂತಿದ್ದರೆ ಮೊದಲು ಸಂಶಯಪಡಬೇಕಾದ್ದು ಕ್ರಿಂಪಿಂಗ್ ಮೇಲೆ, ಅಂದರೆ ತುದಿಗೆ ಪ್ಲಗ್ ಕೂರಿಸಿದ ರೀತಿಯ ಮೇಲೆ.

ಕ್ರಿಂಪ್ ಮಾಡಿಸುವಾಗ ಪಕ್ಕದಲ್ಲೇ ನಿಂತು ಬಣ್ಣ ನೋಡಿ. ನಮ್ಮಲ್ಲಿ ರೂಢಿಯಲ್ಲಿರುವ ಕ್ರಮ ಇದು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಬೇಕು. ಕರೆಂಟ್ ವೈರ್ ಇರುವ ಪೈಪಿನೊಳಗೆ ಇದನ್ನು ತೂರಿಸಲು ಬಿಡಬೇಡಿ. ಹಳೆಯ ಕೇಬಲ್ ಟಿವಿಯ ಪೈಪ್ ಗೋಡೆಯಲ್ಲಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಬಾಗಿಲ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಕೇಸಿಂಗ್ ಹೊಡೆಸಿದರಾಯಿತು, ಗೋಡೆ ಒಡೆಯಬೇಕಿಲ್ಲ.

4. ಪೆಟ್ಟಿಗೆಯ ಬೆನ್ನು ನೋಡಿ

ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಈಗಿನ ಹೆಚ್ಚಿನವುಗಳಲ್ಲಿ ರೌಟರ್, ವೈಫೈ ಎರಡೂ ಒಳಗೇ ಇರುತ್ತವೆ. ಹಿಂದೆ ಲ್ಯಾನ್ ಪೋರ್ಟುಗಳಿರುತ್ತವೆ. ಎರಡು ಕಂಪ್ಯೂಟರಿಗೆ ಬೇಕಾದ್ದೆಲ್ಲ ಅಲ್ಲೇ ಇದೆ, ಬೇರೇನೂ ಕೊಳ್ಳಬೇಕಿಲ್ಲ. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟ್ 1,000ದ್ದು, ಉಳಿದವು 100ರವು. ಹೆಚ್ಚು ಕೆಲಸದ ಕಂಪ್ಯೂಟರ್ ಆ 1,000ದ ಪೋರ್ಟಿಗೆ ಸೇರಲಿ. ಪೋರ್ಟ್ ಒಂದೇ ಇದ್ದರೆ ಐದು ಪೋರ್ಟಿನ ಸಣ್ಣ ಸ್ವಿಚ್ ತನ್ನಿ, ಯಾವ ಸೆಟ್ಟಿಂಗೂ ಬೇಡ, ಸೇರಿಸಿದರೆ ಕೆಲಸ ಶುರು.

ಎಲ್‌ಒಎಸ್ ಎಂಬ ದೀಪ ಕೆಂಪಗಾದರೆ ಬೆಳಕು ಬರುತ್ತಿಲ್ಲ ಎಂದರ್ಥ. ಕಂಪ್ಯೂಟರುಗಳನ್ನು ರೀಸ್ಟಾರ್ಟ್ ಮಾಡುತ್ತ ಕೂರಬೇಡಿ. ಫೈಬರ್ ಎಲ್ಲಾದರೂ ಮಡಿಸಿದೆಯೋ, ಕುರ್ಚಿಯ ಕಾಲಿಗೆ ಸಿಕ್ಕಿದೆಯೋ ನೋಡಿ. ಇಲ್ಲವೆಂದರೆ ದೂರು ಕೊಡಿ.

5. ರೌಟರನ್ನು ಬಚ್ಚಿಡಬೇಡಿ

ಕಪ್ಪು ಪೆಟ್ಟಿಗೆ ಹಾಲಿಗೆ ಅಂದಗೇಡು ಎಂದು ಟಿವಿ ಶೋಕೇಸಿನ ಬಾಗಿಲ ಹಿಂದೆ ಇಡುತ್ತಾರೆ. ಸ್ಟೀಲ್ ಬೀರು, ಕನ್ನಡಿ, ಮೀನಿನ ತೊಟ್ಟಿ ಇವೆಲ್ಲ ವೈಫೈಗೆ ಅಡ್ಡಿ. ಲೋಹ ಮತ್ತು ನೀರು ಅಲೆಗಳನ್ನು ದಾಟಲು ಬಿಡುವುದಿಲ್ಲ. ಮಲೆನಾಡಿನ ಹಳೆಯ ಮನೆಗಳ ಮಣ್ಣಿನ ಗೋಡೆ, ಕರಾವಳಿಯ ಮುರಕಲ್ಲಿನ ಗೋಡೆ ದಪ್ಪಕ್ಕೇ ಹೆಸರುವಾಸಿ. ಅಂಥ ಎರಡು ಗೋಡೆ ದಾಟಿದ ಮೇಲೆ ಸಿಗ್ನಲ್ ಹೆಸರಿಗಷ್ಟೇ ಉಳಿಯುತ್ತದೆ. ಆರ್‌ಸಿಸಿ ಮಹಡಿ ಮನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವುದೂ ಕಷ್ಟವೇ.

ಎದೆಮಟ್ಟಕ್ಕಿಂತ ಎತ್ತರದಲ್ಲಿ, ಬಯಲಾಗಿ, ಎರಡೂ ಕೋಣೆಗಳಿಗೆ ಮಧ್ಯವಾಗುವಂತೆ ಇಡಿಸಿ. ಫೈಬರ್ ಹಾಕಲು ಬಂದವರು ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಹೊರಡುವ ಆತುರದಲ್ಲಿರುತ್ತಾರೆ. ಅವರು ಬರುವ ಮೊದಲೇ ಜಾಗ ಗೊತ್ತುಮಾಡಿ, ಅಲ್ಲಿಯವರೆಗೆ ಕೇಬಲ್ ತರಿಸಿಕೊಳ್ಳಿ. ಆಮೇಲೆ ಬದಲಾಯಿಸುವುದಕ್ಕಿಂತ ಆಗಲೇ ಕೇಳುವುದು ಸುಲಭ.

6. ಎರಡು ಬ್ಯಾಂಡಿಗೆ ಎರಡು ಹೆಸರು ಕೊಡಿ

2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ಚುರುಕು, ಗೋಡೆಗೆ ಸೋಲುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ 2.4 ಎಂದರೆ ಹತ್ತಾರು ಮನೆಯವರ ರೌಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಕಿಕ್ಕಿರಿದ ಜಾಗ. ಬ್ರೌಸರಿನಲ್ಲಿ ತೆರೆಯುವ ರೌಟರಿನ ಸೆಟ್ಟಿಂಗ್ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಇಡಿ. ರೌಟರ್ ಇರುವ ಕೋಣೆಯ, ಇಲ್ಲವೇ ಒಂದು ಗೋಡೆ ಆಚೆಯ ಕಂಪ್ಯೂಟರ್ 5ಕ್ಕೆ ಸೇರಲಿ. ದೂರದ್ದು ಮಾತ್ರ 2.4ಕ್ಕೆ. 2.4ರಲ್ಲಿ ಚಾನೆಲ್ ಆರಿಸುವುದಾದರೆ 1, 6, 11 ಈ ಮೂರರಲ್ಲೊಂದನ್ನೇ ಆರಿಸಿ, ಇವು ಒಂದರ ಮೇಲೊಂದು ಬೀಳುವುದಿಲ್ಲ.

7. ಅಪ್‌ಲೋಡನ್ನು ಹಿಡಿತದಲ್ಲಿಡಿ

ಸ್ಪೀಡ್ ಟೆಸ್ಟ್ ಚೆನ್ನಾಗಿದೆ, ಸಿಗ್ನಲ್ ಪೂರ್ತಿ ಇದೆ, ಆದರೂ ಮೀಟಿಂಗಿನಲ್ಲಿ ದನಿ ಒಡೆಯುತ್ತದೆ. ಇಂಥ ಮನೆಗೆ ಹೋಗಿ ನೋಡಿದರೆ ಇನ್ನೊಂದು ಕಂಪ್ಯೂಟರ್ ಆ ಹೊತ್ತಿಗೆ ಏನನ್ನೋ ಮೇಲಕ್ಕೆ ಕಳಿಸುತ್ತಿರುತ್ತದೆ. ಮದುವೆಯ ಫೋಟೋಗಳು ಗೂಗಲ್ ಫೋಟೋಸಿಗೆ, ಇಡೀ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವಿಗೆ. ಯಾರೂ ಬಟನ್ ಒತ್ತಿರುವುದಿಲ್ಲ, ಹಿನ್ನೆಲೆಯಲ್ಲಿ ತಾನಾಗಿ ನಡೆಯುತ್ತಿರುತ್ತದೆ. ಆದ್ದರಿಂದ ಯಾರಿಗೂ ಅದರ ಮೇಲೆ ಸಂಶಯ ಬರುವುದಿಲ್ಲ.

ಆಗುವುದು ಇಷ್ಟು. ಹೊರಗೆ ಹೋಗಬೇಕಾದ ಡೇಟಾವನ್ನು ರೌಟರ್ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ನ್ಯಾಯಬೆಲೆ ಅಂಗಡಿಯ ಕ್ಯೂನಲ್ಲಿ ನಿಮ್ಮ ಮುಂದಿನವರು ಹತ್ತು ಮನೆಯ ಕಾರ್ಡು ಹಿಡಿದು ನಿಂತಿದ್ದರೆ, ಒಂದು ಕಿಲೋ ಸಕ್ಕರೆಗೆ ಬಂದ ನೀವೂ ಅಷ್ಟೂ ಹೊತ್ತು ಕಾಯಬೇಕು. ವಿಡಿಯೋ ಕಾಲಿನ ದನಿ ಅಂಥ ಚಿಕ್ಕ ಪೊಟ್ಟಣ. ಅದಕ್ಕೆ ವೇಗ ಬೇಕಿಲ್ಲ, ತಡವಾಗದಿದ್ದರೆ ಸಾಕು. ಡೌನ್‌ಲೋಡಿಗೂ ಇದರ ಪೆಟ್ಟು ಬೀಳುತ್ತದೆ. ಬಂದ ಪ್ರತಿ ಕಂತಿಗೂ "ಸಿಕ್ಕಿತು" ಎಂಬ ಉತ್ತರ ಮೇಲಕ್ಕೆ ಹೋಗಬೇಕು. ಆ ಉತ್ತರ ಸಾಲಿನಲ್ಲಿ ಸಿಕ್ಕಿಕೊಂಡರೆ ಮುಂದಿನ ಕಂತು ಬರುವುದೇ ತಡ.

ಪರೀಕ್ಷೆ ಮಾಡಿ ನೋಡಿ. ಒಂದು ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8ಕ್ಕೆ ಪಿಂಗ್ ಹಾಕಿ. ಇನ್ನೊಂದರಿಂದ ದೊಡ್ಡದೊಂದು ಫೈಲ್ ಮೇಲೆ ಕಳಿಸಿ. ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ ನೂರಾರಕ್ಕೆ ಜಿಗಿದರೆ ಕಾರಣ ಸಿಕ್ಕಿತು.

ಮದ್ದೂ ಸುಲಭ. ಒನ್‌ಡ್ರೈವ್, ಗೂಗಲ್ ಡ್ರೈವ್ ಎರಡರ ಸೆಟ್ಟಿಂಗಿನಲ್ಲೂ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಅವಕಾಶ ಇದೆ. ನಿಮ್ಮ ಅಪ್‌ಲೋಡಿನ ಅರ್ಧಕ್ಕೆ ಕಟ್ಟಿಹಾಕಿ. ರೌಟರಿನಲ್ಲಿ ಕ್ಯೂಒಎಸ್ ಎಂಬ ಸೆಟ್ಟಿಂಗ್ ಇದ್ದರೆ ಇನ್ನೂ ಒಳ್ಳೆಯದು. ಅಳೆದ ವೇಗದ ಶೇ 85–90ನ್ನು ಅಲ್ಲಿ ಬರೆದರೆ ಉದ್ದನೆಯ ಸಾಲು ಬೆಳೆಯುವುದೇ ಇಲ್ಲ. ತುದಿಯ ಆ ಶೇ 10–15 ಬಿಟ್ಟುಕೊಡಲು ಮನಸ್ಸು ಒಪ್ಪದಿರಬಹುದು. ಬಿಟ್ಟುಕೊಡಿ, ಬದಲಿಗೆ ಇಬ್ಬರ ಮೀಟಿಂಗೂ ಚೊಕ್ಕವಾಗಿ ನಡೆಯುತ್ತದೆ.

8. ಅಪ್‌ಡೇಟ್ ಒಂದೇ ಸಲ ಇಳಿಯಲಿ

ವಿಂಡೋಸ್ ಅಪ್‌ಡೇಟಿನ ಅಡ್ವಾನ್ಸ್ಡ್ ಆಪ್ಷನ್ಸಿನಲ್ಲಿ ಡೆಲಿವರಿ ಆಪ್ಟಿಮೈಸೇಷನ್ ಎಂಬುದಿದೆ. ಅಲ್ಲಿ ಸ್ಥಳೀಯ ನೆಟ್‌ವರ್ಕಿನ ಕಂಪ್ಯೂಟರುಗಳಿಂದ ಪಡೆಯುವುದನ್ನು ಆನ್ ಮಾಡಿ, ಇಂಟರ್ನೆಟ್ಟಿನ ಅಪರಿಚಿತರೊಂದಿಗೆ ಹಂಚುವುದನ್ನು ಬಿಡಿ. ಆಗ ಒಂದು ಕಂಪ್ಯೂಟರ್ ಇಳಿಸಿದ ಅಪ್‌ಡೇಟಿನ ಬಹುಭಾಗವನ್ನು ಇನ್ನೊಂದು ಮನೆಯೊಳಗಿಂದಲೇ ತೆಗೆದುಕೊಳ್ಳುತ್ತದೆ. ಡೌನ್‌ಲೋಡಿಗೆ ಮಿತಿ ಹಾಕುವುದೂ ಅದೇ ಪುಟದಲ್ಲಿದೆ. ಆಟಗಳ ಹತ್ತಾರು ಜಿಬಿ ಅಪ್‌ಡೇಟ್ ಎಲ್ಲರೂ ಮಲಗಿದ ಮೇಲೆ ಇಳಿಯಲಿ.

9. ವಿಳಾಸ ಕೊಡುವ ಯಜಮಾನ ಒಬ್ಬನೇ ಇರಲಿ

ಮನೆಗೆ ಬರುವುದು ಒಂದೇ ಕನೆಕ್ಷನ್, ಎರಡು ಕಂಪ್ಯೂಟರಿಗೆ ಅದು ಹೇಗೆ ಸಲ್ಲುತ್ತದೆ? ರೌಟರ್ ಮನೆಯೊಳಗಿನ ಪ್ರತಿ ಉಪಕರಣಕ್ಕೂ 192.168 ಎಂದು ಶುರುವಾಗುವ ಖಾಸಗಿ ವಿಳಾಸ ಕೊಡುತ್ತದೆ. ಹೊರಗೆ ಹೋಗುವಾಗ ಎಲ್ಲರ ಪರವಾಗಿ ತನ್ನ ಒಂದೇ ವಿಳಾಸ ತೋರಿಸುತ್ತದೆ. ಉತ್ತರ ಬಂದಾಗ ಯಾರು ಕೇಳಿದ್ದು ಎಂದು ತನ್ನ ಪಟ್ಟಿ ನೋಡಿ ಒಳಗೆ ತಲುಪಿಸುತ್ತದೆ. ಹಳೆಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ಮಾತ್ರ. ಅವು ಮುಗಿಯುತ್ತವೆಂದು 1990ರ ದಶಕದಲ್ಲೇ ಅರಿತ ಎಂಜಿನಿಯರುಗಳು ಮಾಡಿದ ಈ ಏರ್ಪಾಡಿನಿಂದಲೇ ನಮ್ಮೆಲ್ಲರ ಮನೆಯ ಹಂಚಿಕೆ ಇಂದಿಗೂ ನಡೆಯುತ್ತಿದೆ.

ವಿಳಾಸ ಕೊಡುವವರು ಇಬ್ಬರಾದಾಗ ಗೊಂದಲ. ಕಂಪನಿಯ ಪೆಟ್ಟಿಗೆ ಇರುತ್ತದೆ, ಸಿಗ್ನಲ್ ಸಾಲದೆಂದು ನೀವೊಂದು ರೌಟರ್ ತಂದು ಅದಕ್ಕೆ ಸೇರಿಸುತ್ತೀರಿ. ಈಗ ಒಂದು ಕಂಪ್ಯೂಟರ್ ಮೊದಲಿನದರ ಕೆಳಗೆ, ಇನ್ನೊಂದು ಎರಡನೆಯದರ ಕೆಳಗೆ. ನೆಟ್ ಎರಡಕ್ಕೂ ಬರುತ್ತದೆ, ಆದರೆ ಒಂದರಲ್ಲಿರುವ ಪ್ರಿಂಟರ್ ಇನ್ನೊಂದಕ್ಕೆ ಕಾಣುವುದಿಲ್ಲ. ಎರಡನೆಯ ರೌಟರಿನ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿ. ಆ ಆಯ್ಕೆ ಇಲ್ಲದ ಹಳೆಯ ರೌಟರಾದರೆ ಅದರ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ಮೊದಲಿನದರ ಸಾಲಿನಲ್ಲೇ ಬೇರೊಂದು ವಿಳಾಸ ಕೊಟ್ಟು, ವೈರನ್ನು ವ್ಯಾನ್ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ಹಳೆಯ ರೌಟರ್ ಗುಜರಿಗೆ ಹೋಗದೆ ಮಹಡಿಯ ಕೋಣೆಗೆ ಕೆಲಸಕ್ಕೆ ಬಂತು.

10. ಕಂಪ್ಯೂಟರಿನಿಂದಲೇ ಹಂಚುವುದನ್ನೂ ಕಲಿತಿಡಿ

ರೌಟರುಗಳು ದುಬಾರಿಯಾಗಿದ್ದ ಕಾಲದಲ್ಲಿ ಒಂದು ಕಂಪ್ಯೂಟರಿಗೆ ಎರಡು ಲ್ಯಾನ್ ಕಾರ್ಡ್ ಹಾಕಿ, ಒಂದಕ್ಕೆ ಮೋಡೆಮ್, ಇನ್ನೊಂದಕ್ಕೆ ಎರಡನೆಯ ಕಂಪ್ಯೂಟರ್ ಸೇರಿಸುತ್ತಿದ್ದರು. ವಿಂಡೋಸ್ 98ರ ಎರಡನೆಯ ಆವೃತ್ತಿ 1999ರಲ್ಲಿ ಬಂದಾಗ ಈ ಸೌಲಭ್ಯ ಅದರೊಳಗೇ ಬಂದಿತ್ತು. ಇಂದಿನ ವಿಂಡೋಸಿನಲ್ಲೂ ಇದೆ. ನೆಟ್‌ವರ್ಕ್ ಕನೆಕ್ಷನ್ನಿನ ಪ್ರಾಪರ್ಟೀಸಿನಲ್ಲಿ ಶೇರಿಂಗ್ ಎಂಬ ಟ್ಯಾಬ್ ತೆರೆದು ಗುರುತು ಹಾಕಿದರೆ ಮುಗಿಯಿತು. ಹಂಚುವ ಕಂಪ್ಯೂಟರಿಗೆ 192.168.137.1 ಎಂಬ ವಿಳಾಸ ಬರುತ್ತದೆ, ಇನ್ನೊಂದಕ್ಕೆ ಬೇರೊಂದು ವಿಳಾಸವನ್ನು ತಾನೇ ಕೊಡುತ್ತದೆ. ಮೊದಲು ಕ್ರಾಸ್ಓವರ್ ಎಂಬ ಬೇರೆ ಜೋಡಣೆಯ ವೈರ್ ಬೇಕಿತ್ತು, ಈಗಿನ ಯಂತ್ರಗಳಿಗೆ ಸಾದಾ ಲ್ಯಾನ್ ವೈರೇ ಸಾಕು. ವೈರ್ ಬೇಡವೆಂದರೆ ಸೆಟ್ಟಿಂಗ್ಸಿನ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ.

ದಿನನಿತ್ಯಕ್ಕೆ ಇದನ್ನು ನಾನು ಹೇಳುವುದಿಲ್ಲ, ಮೊದಲ ಕಂಪ್ಯೂಟರ್ ಆಫ್ ಆದರೆ ಎರಡನೆಯದಕ್ಕೂ ನೆಟ್ ಇಲ್ಲ. ಆದರೆ ವೈಫೈ ಇಲ್ಲದ ಹಳೆಯ ಡೆಸ್ಕ್‌ಟಾಪಿಗೆ ಇದು ಒಳ್ಳೆಯ ದಾರಿ. ಕೊನೆಯ ಸೂತ್ರದಲ್ಲೂ ಇದು ಬೇಕಾಗುತ್ತದೆ.

11. ಬಾಗಿಲು ಹಾಕಿಕೊಳ್ಳಿ

2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮುಂಚೆ ಮಾಧ್ಯಮಗಳಿಗೆ ಬಂದ ಬೆದರಿಕೆ ಇಮೇಲಿನ ಜಾಡು ನವಿ ಮುಂಬೈಯ ಫ್ಲ್ಯಾಟೊಂದರ ಭದ್ರತೆಯಿಲ್ಲದ ವೈಫೈಗೆ ಹೋಗಿ ನಿಂತಿತು. ತನಿಖೆಯವರು ಮೊದಲು ತಟ್ಟಿದ್ದು ಕನೆಕ್ಷನ್ ಇದ್ದವರ ಬಾಗಿಲು. ಕಳಿಸಿದವರು ಬೇರೆ. ಹೊರಗಿನವರಿಗೆ ಕಾಣುವುದು ನಿಮ್ಮ ರೌಟರಿನ ಒಂದೇ ವಿಳಾಸ, ಅದರ ಹಿಂದೆ ಯಾರು ಕೂತಿದ್ದಾರೆ ಎಂಬುದಲ್ಲ.

ಡಬ್ಲ್ಯುಪಿಎ 2 ಅಥವಾ 3 ಆರಿಸಿ, ಡಬ್ಲ್ಯುಇಪಿ ಎಂಬುದು ಕಂಡರೆ ಆ ಕ್ಷಣವೇ ಬದಲಿಸಿ. ಡಬ್ಲ್ಯುಪಿಎಸ್ ಬಟನ್ ಸೌಲಭ್ಯ ಆಫ್ ಮಾಡಿ. ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಬೇಡಿ. ನಾಲ್ಕು ಸಂಬಂಧವಿಲ್ಲದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಬರೆದರೆ ನೆನಪಿಗೂ ಸುಲಭ, ಊಹಿಸುವುದೂ ಕಷ್ಟ. ವೈಫೈ ಪಾಸ್‌ವರ್ಡ್ ಬೇರೆ, ರೌಟರಿನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಅಡ್ಮಿನ್ ಎಂದೇ ಉಳಿಸಿರುವ ಮನೆಗಳು ಬಹಳ. ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಪಕ್ಕದ ಮನೆಯವರೊಂದಿಗೆ ಅರ್ಧ ಬಿಲ್ ಹಂಚಿಕೊಳ್ಳುವ ಆಸೆ ಬೇಡ. ಕನೆಕ್ಷನ್ ನಿಮ್ಮ ಹೆಸರಿನಲ್ಲಿದೆ, ಉತ್ತರ ಕೊಡಬೇಕಾದವರೂ ನೀವೇ.

12. ದೊಡ್ಡ ಫೈಲ್ ಮನೆಯೊಳಗೇ ದಾಟಲಿ

ಅಪ್ಪನ ಕಂಪ್ಯೂಟರಿನಿಂದ ಮಗಳ ಕಂಪ್ಯೂಟರಿಗೆ ಒಂದು ವಿಡಿಯೋ ಬೇಕಾದಾಗ ಅದನ್ನು ವಾಟ್ಸಾಪಿಗೋ ಡ್ರೈವಿಗೋ ಏರಿಸಿ ಮತ್ತೆ ಇಳಿಸಿಕೊಳ್ಳುತ್ತಾರೆ. ಹತ್ತು ಅಡಿ ದೂರದ ಮೇಜಿಗೆ ಹೋಗಲು ಫೈಲು ಊರಾಚೆಯ ಸರ್ವರಿಗೆ ಹೋಗಿಬರುತ್ತದೆ, ಕನೆಕ್ಷನ್ನಿನ ಮೇಲೆ ಎರಡು ಸಲ ಹೊರೆ. ಎರಡೂ ಕಂಪ್ಯೂಟರಿನಲ್ಲಿ ನೆಟ್‌ವರ್ಕನ್ನು ಪ್ರೈವೇಟ್ ಎಂದು ಗುರುತಿಸಿ, ಒಂದು ಫೋಲ್ಡರನ್ನು ಮಾತ್ರ ಶೇರ್ ಮಾಡಿ, ಪಾಸ್‌ವರ್ಡ್ ಇರಲಿ. ಇಂಟರ್ನೆಟ್ ಪೂರ್ತಿ ನಿಂತಿದ್ದಾಗಲೂ ಇದು ಕೆಲಸ ಮಾಡುತ್ತದೆ.

13. ಕರೆಂಟು, ಗುಡುಗು ಎರಡನ್ನೂ ಲೆಕ್ಕಕ್ಕಿಡಿ

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೌಟರಿಗಿಲ್ಲ. ಕರೆಂಟ್ ಹೋದ ಕ್ಷಣ ಇಬ್ಬರ ಕೆಲಸವೂ ನಿಲ್ಲುತ್ತದೆ. ರೌಟರಿಗೆಂದೇ ಸಿಗುವ ಸಣ್ಣ ಡಿಸಿ ಯುಪಿಎಸ್ ತನ್ನಿ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದಿರುವುದನ್ನು ಓದಿ. ಹೆಚ್ಚಿನವು 12 ವೋಲ್ಟಿನವು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಎರಡನೆಯ ರೌಟರೋ ಸ್ವಿಚ್ಚೋ ಇದ್ದರೆ ಅದಕ್ಕೂ ವ್ಯವಸ್ಥೆ ಬೇಕು, ಅನೇಕರು ಮರೆಯುವುದು ಇದನ್ನೇ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಲೆನಾಡಿನ ಮನೆಗಳು ಹಿಂದೆ ಎಷ್ಟೋ ಮೋಡೆಮುಗಳನ್ನು ಕಳೆದುಕೊಂಡವು. ಟೆಲಿಫೋನಿನ ತಾಮ್ರದ ತಂತಿಯಲ್ಲೇ ಸಿಡಿಲಿನ ಹೊಡೆತ ಒಳಗೆ ಬರುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಕಂಬದಿಂದ ಬರುವ ಕೇಬಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗೋಡೆಯಲ್ಲೇ ಬಿಗಿದು ನಿಲ್ಲಿಸಲು ಹೇಳಿ. ಅಡಾಪ್ಟರನ್ನು ಗುಡುಗಿಗೆ ಮುಂಚೆ ಪ್ಲಗ್ಗಿನಿಂದ ಕಿತ್ತಿಡಿ. ಎರಡನೆಯ ಕಂಪ್ಯೂಟರ್ ಅಂಗಳದಾಚೆಯ ಕೋಣೆಯಲ್ಲೋ ತೋಟದ ಆಫೀಸಿನಲ್ಲೋ ಇದ್ದರೆ ಬಯಲಿನಲ್ಲಿ ತಾಮ್ರದ ಲ್ಯಾನ್ ವೈರ್ ಎಳೆಯಬೇಡಿ. ಸಿಡಿಲಿಗೆ ಎರಡು ತುದಿಯ ಯಂತ್ರಗಳೂ ಹೋಗಬಹುದು. ಅಲ್ಲಿಗೂ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿಸಿ.

14. ಫೋನ್ ಎತ್ತುವ ಮೊದಲು ಅಂಕಿಗಳು ಕೈಯಲ್ಲಿರಲಿ

"ನೆಟ್ ಸ್ಲೋ ಇದೆ" ಎಂದರೆ "ರೀಸ್ಟಾರ್ಟ್ ಮಾಡಿ" ಎಂಬ ಉತ್ತರ ಬರುತ್ತದೆ. "ವೈರಿನಲ್ಲಿ, ಒಂದೇ ಕಂಪ್ಯೂಟರಿಗೆ, ಮೂರು ರಾತ್ರಿ ಒಂಬತ್ತಕ್ಕೆ ಅಳೆದಿದ್ದೇನೆ, 100ರ ಪ್ಲಾನಿಗೆ 20 ಬರ್ತಿದೆ" ಎನ್ನಿ, ಮಾತು ಬೇರೆ ದಾರಿ ಹಿಡಿಯುತ್ತದೆ. ದೂರಿನ ನಂಬರ್ ಬರೆದುಕೊಳ್ಳಿ. ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಲ್ಲಿ ಅವಕಾಶ ಇದೆ. ತಿಂಗಳ ಕೊನೆಗೆ ಮಾತ್ರ ನಿಧಾನವಾದರೆ ಡೇಟಾ ಬಳಕೆ ನೋಡಿ. ಅನ್‌ಲಿಮಿಟೆಡ್ ಎಂಬ ಅನೇಕ ಪ್ಲಾನುಗಳಿಗೂ 3,300 ಜಿಬಿ ಆದ ಮೇಲೆ ವೇಗ ಇಳಿಸುವ ಷರತ್ತಿರುತ್ತದೆ. ದಿನಕ್ಕೆ 110 ಜಿಬಿ ಎಂದಾಯಿತು. ಅಷ್ಟು ಮುಗಿದಿದ್ದರೆ ಯಾರು, ಯಾವುದಕ್ಕೆ ಬಳಸಿದರು ಎಂದು ಹುಡುಕಲೇಬೇಕು.

15. ದೊಡ್ಡ ದಿನಕ್ಕೆ ಎರಡನೆಯ ದಾರಿ ಸಿದ್ಧವಿರಲಿ

ಕಾಲೇಜು ಸೀಟಿಗಾಗಿ ಕೆಇಎ ಆಪ್ಷನ್ ಎಂಟ್ರಿಯ ಕೊನೆಯ ದಿನ, ಕೆಲಸದ ಇಂಟರ್ವ್ಯೂ, ಆನ್‌ಲೈನ್ ಪರೀಕ್ಷೆ. ಇಂಥ ದಿನಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹೊತ್ತು ವೈರ್ ಇರುವ ಮೇಜು ಯಾರದ್ದೆಂದು ಮುಂಚೆಯೇ ಮಾತಾಡಿಕೊಳ್ಳಿ. ಟಿವಿಯೂ ಈ ಹಂಚಿಕೆಯಲ್ಲಿ ಪಾಲುದಾರ ಎಂದು ಅಜ್ಜಿಗೂ ತಿಳಿಸಿ ಹೇಳಿ. ಕಾರಣ ಗೊತ್ತಾದರೆ ಆ ಒಂದು ಗಂಟೆ ಸೀರಿಯಲ್ ಬಿಡಲು ಅವರೇ ಮೊದಲು ಒಪ್ಪುತ್ತಾರೆ.

ಮನೆಯ ಫೈಬರ್ ಒಂದು ಕಂಪನಿಯದಾದರೆ ಫೋನಿನ ಸಿಮ್ ಇನ್ನೊಂದರದ್ದಿರಲಿ. ಒಂದು ಕಡೆ ಕೇಬಲ್ ತುಂಡಾದರೆ ಎರಡೂ ಒಟ್ಟಿಗೆ ನಿಲ್ಲುವ ಸಂಭವ ಕಡಿಮೆ. ಫೋನನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಹಾಟ್‌ಸ್ಪಾಟಿಗಿಂತ ಇದು ಸ್ಥಿರ, ಫೋನೂ ಚಾರ್ಜ್ ಆಗುತ್ತಿರುತ್ತದೆ. ಇನ್ನೊಂದು ಕಂಪ್ಯೂಟರಿಗೂ ಬೇಕಾದರೆ ಹತ್ತನೆಯ ಸೂತ್ರದ ಶೇರಿಂಗ್ ಬಳಸಿ. ಇದನ್ನು ಆ ದಿನವೇ ಮೊದಲ ಸಲ ಮಾಡಲು ಹೋಗಬೇಡಿ. ಈ ಭಾನುವಾರ ರೌಟರನ್ನು ಐದು ನಿಮಿಷ ಆಫ್ ಮಾಡಿ, ಫೋನಿನಿಂದ ಎರಡೂ ಕಂಪ್ಯೂಟರಿಗೆ ನೆಟ್ ಕೊಟ್ಟು ನೋಡಿ. ಯಾವ ವೈರ್ ಬೇಕಾಯಿತೋ ಅದನ್ನು ಅದೇ ಮೇಜಿನ ಡ್ರಾಯರಿನಲ್ಲಿ ಇಟ್ಟುಬಿಡಿ.